ತಾರಸಿಯ ಮೇಲೊಂದು ಮರದ ಅಟ್ಟಣೆ

ಶಿವಮೊಗ್ಗವನ್ನು ಮಲೆನಾಡಿನ ಹೆಬ್ಬಾಗಿಲು ಎನ್ನುವುದು ವಾಡಿಕೆ. ಹೆಬ್ಬಾಗಿಲಿನ ಊರಿಗೆ ತಕ್ಕಂತೆ ಇಲ್ಲಿ ಬಾಗಿಲಿಗೆ ಬೇಕಾದ ಮರ ಧಾರಾಳವಾಗಿ ಸಿಕ್ಕುತ್ತದೆ. ಬಾಗಿಲಲ್ಲದ ಬೇರೆ ಕೆಲಸಕ್ಕೆ ಹತ್ತು ಹಲಗೆ ಬೇಕೆಂದು ಹೊರಟವರ ಪಾಡು ಮಾತ್ರ ಬೇರೆ. ಕಳೆದ ವರ್ಷ ನಮ್ಮ ಮನೆಯ ತಾರಸಿಯ ಮೇಲೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಮರದ ನೆಲವೊಂದನ್ನು ನಾವೇ ಕೂಡಿಸಿಕೊಳ್ಳಬೇಕಾಗಿ ಬಂದು, ಅದಕ್ಕೆ ತಕ್ಕ ಮರವನ್ನು ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಹುಡುಕಿದೆವು. ಆ ಹುಡುಕಾಟದಲ್ಲಿ ತಿಳಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವಳು; ಮರದ ವಿಷಯ ನಮ್ಮ ಪಠ್ಯದಲ್ಲಿಲ್ಲ. ಆದರೂ ಅರ್ಥಶಾಸ್ತ್ರದ ಮೇಷ್ಟರು ಹೇಳುವ ಬೇಡಿಕೆ, ಪೂರೈಕೆಗಳು ಮರದ ಅಂಗಡಿಯ ಮುಂದೆ ನಿಂತಾಗ ಅರ್ಥವಾದಷ್ಟು ತರಗತಿಯಲ್ಲಿ ಅರ್ಥವಾಗಿರಲಿಲ್ಲ.

ನಮ್ಮ ಮನೆಯಿರುವುದು ಭದ್ರಾವತಿಯಲ್ಲಿ. ತಂದೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ತಾಯಿಯವರು ಹಪ್ಪಳ, ಸಂಡಿಗೆ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆ ಮೆಟ್ಟಿಲಿನ ಖರ್ಚು ಬಹುಪಾಲು ಹಪ್ಪಳದ ಹಣದಿಂದ ಬಂದದ್ದು. ಹಪ್ಪಳ ಒಣಗುವ ಜಾಗ ತಾರಸಿ. ಬೇಸಿಗೆಯಲ್ಲಿ ಅದರ ಕಾಂಕ್ರೀಟು ಕಾದು ಅಂಗಾಲು ಊರಲಾಗದು. ಮಳೆಗಾಲ ಮುಗಿಯುವ ಹೊತ್ತಿಗೆ ಹಸಿರು ಪಾಚಿ ಕಟ್ಟಿ ಸೋಪು ಬಳಿದಂತಿರುತ್ತದೆ. ಎರಡು ವರ್ಷದ ಹಿಂದೆ ಕಾರ್ತೀಕದಲ್ಲಿ ತಾಯಿಯವರು ಅದರ ಮೇಲೆ ಜಾರಿಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಮೂರು ತಿಂಗಳು ಲಟ್ಟಣಿಗೆ ಹಿಡಿಯಲಾಗಲಿಲ್ಲ. ಆ ಮೂರು ತಿಂಗಳ ಜಮಾ ಖರ್ಚು ನಮ್ಮ ಮನೆಯ ಎಲ್ಲರಿಗೂ ಬಾಯಿಪಾಠವಾಗಿದೆ. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರೆ ಪಾಚಿ ಹೋಗುತ್ತದೆ, ಹದಿನೈದು ದಿನದಲ್ಲಿ ಮತ್ತೆ ಬರುತ್ತದೆ. ಟೈಲ್ಸು ಹಾಕಿಸಿದರೆ ಜಾರುವುದು ಇನ್ನೂ ಸಲೀಸು. ನೀರು ನಿಲ್ಲದ, ಕಾಲಿಗೆ ಸುಡದ ನೆಲವೆಂದರೆ ಸಂದು ಬಿಟ್ಟು ಕೂಡಿಸಿದ ಹಲಗೆಯ ನೆಲವೇ ಸರಿ ಎಂದು ನಿಶ್ಚಯಿಸಿದೆವು. ಅದಕ್ಕೆ ಮೀಸಲಿಟ್ಟದ್ದು ೧೨,೦೦೦ ರೂಪಾಯಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿದರೂ ನನ್ನ ಪರೀಕ್ಷಾ ಶುಲ್ಕಕ್ಕೆ ಕೈಹಾಕಬೇಕಾಗಿತ್ತು.

ಬೆಂಗಳೂರಿನಂಥ ಊರುಗಳಲ್ಲಿ ಇಂಥ ನೆಲಕ್ಕೆ ‘ಡೆಕ್’ ಎನ್ನುವರಂತೆ. ಹಡಗಿನಿಂದ ಇಳಿದು ಬಂದ ಹೆಸರು. ನಮ್ಮ ಮಲೆನಾಡಿನವರಿಗೆ ಇದು ಹೊಸತೇನಲ್ಲ. ಅಡಿಕೆ ಬೆಳೆಗಾರರ ಅಂಗಳದಲ್ಲಿ ಕಂಬ ನೆಟ್ಟು, ದಬ್ಬೆ ಹಾಸಿ, ಅಡಿಕೆ ಒಣಗಿಸುವ ಅಟ್ಟ ಕಟ್ಟುವುದನ್ನು ನೋಡದವರು ಯಾರು? ಕೆಳಗೆ ಗಾಳಿ, ಮೇಲೆ ಬಿಸಿಲು, ನಡುವೆ ಸಂದು. ಡೆಕ್ಕಿನ ತತ್ತ್ವವೂ ಇಷ್ಟೇ. ಆದ್ದರಿಂದ ನಾನು ಇದನ್ನು ಅಟ್ಟಣೆ ಎಂದೇ ಕರೆಯುತ್ತೇನೆ.

ಮರ ಕೊಳ್ಳಲು ಹೊರಡುವ ಮೊದಲು ಎಷ್ಟು ಬೇಕೆಂಬ ಲೆಕ್ಕ ಕೈಯಲ್ಲಿರಬೇಕು. ಇಲ್ಲದಿದ್ದರೆ ಅಂಗಡಿಯವನ ಲೆಕ್ಕವೇ ನಮ್ಮ ಲೆಕ್ಕವಾಗುತ್ತದೆ. ಸೀಳಿದ ಮರವನ್ನು ಘನ ಅಡಿಯಲ್ಲಿ ಅಳೆಯುವರು. ಅಂಗಡಿಯ ಭಾಷೆಯಲ್ಲಿ ‘ಸಿಎಫ್‌ಟಿ’. ಅಗಲವನ್ನೂ ದಪ್ಪವನ್ನೂ ಅಂಗುಲದಲ್ಲಿ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, ೧೪೪ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ನಾಲ್ಕು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಹಲಗೆಗಳನ್ನು ಕಾಲು ಅಂಗುಲ ಸಂದು ಬಿಟ್ಟು ಜೋಡಿಸಿದರೆ ಎಂಟು ಅಡಿಯಲ್ಲಿ ೨೨ ಸಾಲು ಕೂರುತ್ತವೆ. ಸಾಲಿಗೆ ಹತ್ತು ಅಡಿಯಂತೆ ೨೨೦ ಅಡಿ ಹಲಗೆ, ಅಂದರೆ ಆರು ಘನ ಅಡಿಗೆ ತುಸು ಮೇಲೆ. ಹಲಗೆಗಳ ಕೆಳಗೆ ಹದಿನೈದು ಅಂಗುಲಕ್ಕೊಂದರಂತೆ ಎಂಟು ಅಡಿ ಉದ್ದದ ಜಂತೆಗಳು ಒಂಬತ್ತು. ಮೂರು ಅಂಗುಲಕ್ಕೆ ಎರಡು ಅಂಗುಲದ ಈ ಜಂತೆಗಳಿಗೆ ಸರಿಯಾಗಿ ಮೂರು ಘನ ಅಡಿ. ಒಟ್ಟಿನಲ್ಲಿ ಒಂಬತ್ತು ಘನ ಅಡಿ ಚಿಲ್ಲರೆ. ಒಣಗಿದ ಗಟ್ಟಿ ಮರವಾದರೆ ಇದರ ತೂಕ ಸುಮಾರು ೧೭೦ ಕಿಲೋ. ಚದರ ಮೀಟರಿಗೆ ೨೩ ಕಿಲೋ ಬೀಳುತ್ತದೆ. ಜನ ಹತ್ತಿ ಓಡಾಡುವ ತಾರಸಿ ತನ್ನ ಭಾರದ ಮೇಲೆ ಚದರ ಮೀಟರಿಗೆ ೧೫೦ ಕಿಲೋದಷ್ಟು ಹೊರುವಂತಿರಬೇಕೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮ ಹೇಳುತ್ತದೆ. ಹಾಗಾಗಿ ಭಾರದ ಚಿಂತೆ ನಮಗಿರಲಿಲ್ಲ. ಬಿರುಕು ಬಿಟ್ಟ ಹಳೆಯ ತಾರಸಿಯಾದರೆ ಮಾತ್ರ ಬಲ್ಲವರಿಗೆ ಮೊದಲು ತೋರಿಸಬೇಕು.

ಈ ಲೆಕ್ಕದ ಚೀಟಿ ಹಿಡಿದು ಶಿವಮೊಗ್ಗದ ಒಂದು ಸಾಮಿಲ್ಲಿಗೆ ಹೋದೆ. ಗುಮಾಸ್ತರು ಚೀಟಿ ನೋಡದೆಯೇ, “ಎಷ್ಟು ಬಾಗಿಲಿಗಮ್ಮ?” ಎಂದು ಕೇಳಿದರು. ಬಾಗಿಲಿಗಲ್ಲ, ತಾರಸಿಗೆ ಎಂದೆ. “ತಾರಸಿಗೆ ಮರ ಯಾಕಮ್ಮ! ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದರೆ ಕರಕೊಂಡು ಬಾ” ಎಂದರು. ಅವರ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವರ ಅಂಗಳದಲ್ಲಿದ್ದ ಮರವೆಲ್ಲ ಐದಕ್ಕೆ ಮೂರು, ನಾಲ್ಕಕ್ಕೆ ಮೂರು ಅಂಗುಲದ ಚೌಕಟ್ಟಿನ ಅಳತೆಯದೇ ಆಗಿತ್ತು. ಮನೆ ಕಟ್ಟುವವರು ಕೇಳುವುದು ಅದನ್ನೇ. ಮಿಲ್ಲಿನವರು ಸೀಳಿ ಇಡುವುದೂ ಅದನ್ನೇ. ಒಂದು ಅಂಗುಲದ ಹಲಗೆ ಬೇಕೆಂದರೆ ನಮಗಾಗಿ ಬೇರೆಯಾಗಿ ದಿಮ್ಮಿಯನ್ನು ಗರಗಸಕ್ಕೆ ಹತ್ತಿಸಬೇಕು. ಆರು ಘನ ಅಡಿಗೆ ಅಷ್ಟು ತೊಂದರೆ ತೆಗೆದುಕೊಳ್ಳುವವರು ಕಡಮೆ. ತೇಗದ ಬೆಲೆ ಕೇಳಿದೆ. ನಮ್ಮ ಹಣ ಜಂತೆಗೇ ಸಾಲುವುದಿಲ್ಲವೆಂದು ತಿಳಿಯಿತು. ಹೊನ್ನೆಯದೂ ಅದೇ ಕಥೆ. ಬೀಟೆಯ ಬೆಲೆಯನ್ನು ಕೇಳುವ ಧೈರ್ಯ ಮಾಡಲಿಲ್ಲ.

ಕಾಡಿನ ಮರ ನೇರವಾಗಿ ಸರ್ಕಾರದಿಂದಲೇ ಸಿಕ್ಕಬಾರದೇ ಎಂದು ಕೇಳುವವರುಂಟು. ಅರಣ್ಯ ಇಲಾಖೆಯ ನಾಟಾ ಸಂಗ್ರಹಾಲಯಗಳಿರುವುದು ಅದಕ್ಕಾಗಿಯೇ. ಅಲ್ಲಿ ದಿಮ್ಮಿಗಳನ್ನು ಜಾತಿ, ದರ್ಜೆಗಳ ಪ್ರಕಾರ ರಾಶಿ ಹಾಕಿ, ಒಂದೊಂದಕ್ಕೂ ಸಂಖ್ಯೆ, ಉದ್ದ, ಸುತ್ತಳತೆ ಬರೆದು, ಸುತ್ತಿಗೆಯ ಮುದ್ರೆ ಒತ್ತಿರುತ್ತಾರೆ. ಮಾರುವುದು ಹರಾಜಿನಲ್ಲಿ, ರಾಶಿಯ ಲೆಕ್ಕದಲ್ಲಿ. ಮೊದಲು ಠೇವಣಿ ಕಟ್ಟಬೇಕು, ಗೆದ್ದರೆ ಬೆಲೆಯ ಮೇಲೆ ತೆರಿಗೆಗಳು. ಈಗೀಗ ಹರಾಜಿನ ಕೂಗು ಕಂಪ್ಯೂಟರಿನೊಳಕ್ಕೆ ಹೋಗಿದೆ. ಇದು ವ್ಯಾಪಾರಿಗಳ ಸಂತೆ. ಹಪ್ಪಳದ ಮನೆಯವರು ಹತ್ತು ಹಲಗೆಗಾಗಿ ಒಂದು ರಾಶಿ ದಿಮ್ಮಿ ಕೊಳ್ಳುವುದೆಂದರೆ ಒಂದು ಸೌಟು ಸಾರಿಗಾಗಿ ಮದುವೆಮನೆಯ ಹಂಡೆ ಕೊಂಡಂತೆ.

ದಿಮ್ಮಿಯ ಅಳತೆಯಲ್ಲಿ ಒಂದು ಸ್ವಾರಸ್ಯವಿದೆ. ಮರದ ವ್ಯಾಪಾರದ ಹಳೆಯ ಪದ್ಧತಿಯಲ್ಲಿ ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವರು. ನಾಲ್ಕು ಅಡಿ ಸುತ್ತಳತೆ, ಹತ್ತು ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ ಹತ್ತು ಘನ ಅಡಿ. ರೇಖಾಗಣಿತದ ಪ್ರಕಾರ ಅದರಲ್ಲಿ ಹನ್ನೆರಡು ಮುಕ್ಕಾಲು ಘನ ಅಡಿ ಮರವಿದೆ. ಕಾಣೆಯಾದ ಭಾಗ ಮೋಸವಲ್ಲ. ಸೀಳುವಾಗ ಹೊರಬದಿಯ ಪಟ್ಟಿಯಾಗಿ, ಗರಗಸದ ಪುಡಿಯಾಗಿ ಹೋಗುವುದಕ್ಕೆ ಮೊದಲೇ ಬಿಟ್ಟ ರಿಯಾಯಿತಿ. ಡೊಂಕು ದಿಮ್ಮಿಯಲ್ಲಿ ಅಷ್ಟು ರಿಯಾಯಿತಿಯೂ ಸಾಲದು. ಹೀಗಾಗಿ ದಿಮ್ಮಿಯ ದರ ಅಗ್ಗವಾಗಿ ಕಂಡರೂ ಸೀಳಿದ ಮೇಲಿನ ದರವನ್ನೇ ಹೋಲಿಸಬೇಕು.

ಬೇರೆ ದಾರಿಗಳನ್ನೂ ನೋಡಿದೆವು. ಮಂಗಳೂರಿನ ಬಂದರಿಗೆ ಹೊರದೇಶದ ದಿಮ್ಮಿ ಬಂದು ಇಳಿಯುತ್ತದೆ. ಅದು ಘಟ್ಟ ಹತ್ತಿ ನಮ್ಮಲ್ಲಿಗೂ ಬರುತ್ತದೆ. ‘ಮಲೇಶಿಯಾ ಸಾಲ್’ ಎಂದು ಮಾರುವ ಮರ ಉತ್ತರ ಭಾರತದ ಸಾಲವೃಕ್ಷವಲ್ಲ, ಅದರ ಬಳಗಕ್ಕೆ ಸೇರಿದ ಬೇರೆ ಬೇರೆ ಮರಗಳಿಗೆ ವ್ಯಾಪಾರದವರು ಕೊಟ್ಟ ಒಂದೇ ಹೆಸರು. ಒಂದು ರಾಶಿ ಚೆನ್ನಾಗಿದ್ದರೆ ಇನ್ನೊಂದೂ ಹಾಗೇ ಇರುತ್ತದೆಂದು ನಂಬುವಂತಿಲ್ಲ. ಎರಡು ಊರುಗಳ ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶವಿದೆ. ಕಾರ್ಖಾನೆಗಳಿಗೆ ಯಂತ್ರದ ಭಾಗ ಹೊತ್ತು ಬರುವ ಮರದ ಮಣೆಗಳು ಇಂಥ ಕಡೆ ಹಳೆಯದಾಗಿ ಮಾರಾಟಕ್ಕೆ ಬರುತ್ತವೆ. ಬಹಳ ಅಗ್ಗ. ಆದರೆ ಅವು ಹೆಚ್ಚಾಗಿ ಪೈನ್ ಮರದವು, ನೆರಳಿನ ಕೆಲಸಕ್ಕೆ ಸರಿ. ನಮ್ಮ ಮಳೆಗೆ ಒಡ್ಡಿದರೆ ಬೇಗ ಮೆತ್ತಗಾಗುತ್ತವೆ. ಇನ್ನೊಂದು ಮಾತು: ಹೊರದೇಶದಿಂದ ಬಂದ ಮಣೆಗಳ ಮೇಲೆ ಮುದ್ರೆಯಿರುತ್ತದೆ. ‘ಎಚ್.ಟಿ.’ ಎಂದಿದ್ದರೆ ಹುಳು ಸಾಯಲು ಬಿಸಿ ಕೊಟ್ಟದ್ದು. ‘ಎಂ.ಬಿ.’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು. ತಿನ್ನುವ ಪದಾರ್ಥ ಹರಡುವ ಕಡೆಗೆ ಎರಡನೆಯದನ್ನು ಮುಟ್ಟಕೂಡದು.

ಅಡಿಕೆ ದಬ್ಬೆಯನ್ನೇ ಹಾಸಿಬಿಡಿ ಎಂದು ಹೇಳಿದವರು ಹಲವರು. ಹಣದ ಮಟ್ಟಿಗೆ ಅದಕ್ಕಿಂತ ಹಿತವಾದ ಸಲಹೆಯಿಲ್ಲ. ಅಡಿಕೆ ಮರಕ್ಕೆ ಬೇರೆ ಮರಗಳಂತೆ ನಡುವೆ ಗಟ್ಟಿಯಿಲ್ಲ. ಗಟ್ಟಿಯೆಲ್ಲ ಹೊರಗಿನ ಒಂದು ಬಳೆಯಲ್ಲಿ, ಒಳಗೆ ನಾರು ತುಂಬಿದ ಮೆದು. ಸೀಳಿ ಒಳಮೆದುವನ್ನು ಕೆತ್ತಿ ತೆಗೆದರೆ ದಬ್ಬೆ. ತೋಟದವರು ಅದನ್ನು ಕೆಲವು ವರ್ಷ ಬಳಸಿ, ಕೆಟ್ಟದ್ದನ್ನು ಬದಲಾಯಿಸುತ್ತ ಹೋಗುವರು. ತೋಟ ಮನೆಯ ಹಿಂದೆಯೇ ಇರುವವರಿಗೆ ಅದು ನಡೆಯುತ್ತದೆ. ಬರಿಗಾಲಲ್ಲಿ ದಿನಕ್ಕೆ ಇಪ್ಪತ್ತು ಸಲ ಓಡಾಡುವ ತಾಯಿಯವರಿಗೆ ಅದರ ಚೂಪು ಸಿಬಿರು ಆಗಿಬರದು. ಆ ಸಲಹೆಯನ್ನು ಕೈಬಿಟ್ಟೆವು.

ಇಷ್ಟು ತಿರುಗಿದ ಮೇಲೆ ನಮ್ಮ ಬೀದಿಯ ಬಡಗಿ ಆಚಾರ್ರನ್ನು ಕೇಳಿದೆ. ಅವರ ಕೂಲಿ ಕೊಡುವ ಶಕ್ತಿ ನಮಗಿರಲಿಲ್ಲ; ಮಾತು ಮತ್ತು ಗರಗಸವನ್ನು ಅವರು ಬಿಟ್ಟಿಯಾಗಿ ಕೊಟ್ಟರು. “ಹೆಸರು ಕೇಳಿ ಮರ ತಗೋಬೇಡಮ್ಮ, ಕೆಚ್ಚು ನೋಡಿ ತಗೋ. ತೇಗದ ಬಿಳಿಗಿಂತ ಕಾಡುಮರದ ಕೆಚ್ಚು ವಾಸಿ” ಎಂದರು. ಈ ಮಾತಿನ ಹಿಂದಿನ ಕಾರಣವನ್ನು ಸ್ವಲ್ಪ ವಿವರಿಸಬೇಕು. ಮರದ ಕಾಂಡದಲ್ಲಿ ಬೇರಿನಿಂದ ನೀರು ಏರುವುದು ಹೊರಭಾಗದ ಬಿಳಿಮರದಲ್ಲಿ. ಅದರಲ್ಲಿ ಪಿಷ್ಟ, ಸಕ್ಕರೆಗಳಿರುವುದರಿಂದ ಹುಳುವಿಗೂ ಶಿಲೀಂಧ್ರಕ್ಕೂ ಅದು ಸಿದ್ಧ ಊಟ. ಮರ ಬಲಿತಂತೆ ಒಳಗಿನ ಪದರಗಳು ನೀರು ಸಾಗಿಸುವುದನ್ನು ನಿಲ್ಲಿಸಿ, ಕಹಿ ಒಗರಿನ ರಸಗಳು ತುಂಬಿ, ಬಣ್ಣ ಕಪ್ಪಾಗಿ ಕೆಚ್ಚಾಗುತ್ತವೆ. ಆ ರಸಗಳೇ ಮರಕ್ಕೆ ಕಾವಲು. ಧೈರ್ಯವಂತನನ್ನು ಕೆಚ್ಚೆದೆಯವನೆಂದು ಕರೆದ ನಮ್ಮ ಹಿರಿಯರು ಮರವನ್ನು ಚೆನ್ನಾಗಿ ನೋಡಿದವರಿರಬೇಕು. ಎಳೆಯ ತೇಗವನ್ನು ಸೀಳಿ, ಬಿಳಿಯನ್ನೂ ಸೇರಿಸಿ ‘ತೇಗ’ ಎಂದು ಮಾರಿದರೆ ಹೆಸರು ಸುಳ್ಳಲ್ಲ. ಮಳೆಗೆ ಆ ಬಿಳಿ ನಿಲ್ಲುವುದಿಲ್ಲ, ಅಷ್ಟೆ. ಹಲಗೆಯ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದರೆ ಕೆಚ್ಚು, ಬಿಳಿಗಳ ಗಡಿ ಸ್ಪಷ್ಟವಾಗುತ್ತದೆ. ಇದನ್ನು ಯಾವ ಅಂಗಡಿಯವರೂ ಬೇಡವೆನ್ನಲಾರರು.

ಜಂತೆಗಳಿಗೆ ಆಚಾರ್ರು ತೋರಿಸಿದ್ದು ಹಳೆಯ ಮನೆಯ ಮರವನ್ನು. ಶಿವಮೊಗ್ಗದಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತ, ಕಾಂಕ್ರೀಟು ಏರುತ್ತಿದೆ. ಇಳಿದ ಮನೆಯ ತೊಲೆ, ಜಂತೆ, ಪಕಾಸಿ, ಕಂಬಗಳನ್ನು ಕೊಂಡು ಮಾರುವವರಿದ್ದಾರೆ. ಅಂಥ ಕಡೆ ಮತ್ತಿ, ನಂದಿ, ಹೊನ್ನೆ, ಹಲಸು ಎಲ್ಲ ಒಂದೇ ರಾಶಿಯಲ್ಲಿ ಧೂಳು ಹೊದ್ದು ಮಲಗಿರುತ್ತವೆ. ಈ ಮರದ ದೊಡ್ಡ ಗುಣವೆಂದರೆ ಅದು ಒಣಗಿ ಆಗಿದೆ. ಇನ್ನು ಕುಗ್ಗುವುದು, ತಿರುಚುವುದು ಕಡಮೆ. ದೋಷವೆಂದರೆ ಒಳಗೆ ಅಡಗಿರುವ ಮೊಳೆ. ಗರಗಸದ ಹಲ್ಲು ಮುರಿಯುವ ಭಯದಿಂದ ಮಿಲ್ಲಿನವರು ಅದನ್ನು ಸೀಳಲು ಒಪ್ಪುವುದಿಲ್ಲ, ಅಥವಾ ಹೆಚ್ಚು ಕೂಲಿ ಕೇಳುವರು. ತಂದೆಯವರೂ ತಮ್ಮನೂ ಎರಡು ಸಂಜೆ ಕೂತು ಮೊಳೆಗಳನ್ನೆಲ್ಲ ಕಿತ್ತರು; ಉಳಿದಿರಬಹುದಾದ್ದನ್ನು ಆಯಸ್ಕಾಂತದ ತುಂಡು ಹಿಡಿದು ಪತ್ತೆಮಾಡಿದ್ದು ತಮ್ಮ. ಕೊಳ್ಳುವ ಮೊದಲು ತೊಲೆಯ ಒಂದು ತುದಿಗೆ ಸುತ್ತಿಗೆಯಿಂದ ಬಡಿದು ಇನ್ನೊಂದು ತುದಿಗೆ ಕಿವಿಯಿಡಬೇಕು. ಗಂಟೆಯಂತೆ ಕಣಕಣ ಎಂದರೆ ಗಟ್ಟಿ, ದಪ್ಪಗೆ ಕೇಳಿಸಿದರೆ ಒಳಗೆ ಟೊಳ್ಳು. ಗೋಡೆಯೊಳಗೆ ಹೂತಿದ್ದ ತುದಿಗಳಲ್ಲಿ ಗೆದ್ದಲು ಹೊಕ್ಕಿರುವುದು ಸಾಮಾನ್ಯ. ಆ ಒಂದೊಂದು ಅಡಿಯನ್ನು ಲೆಕ್ಕದಿಂದ ಬಿಡಿಸಿಯೇ ಬೆಲೆ ಮಾತಾಡಬೇಕು. ಆರು ಅಂಗುಲಕ್ಕೆ ನಾಲ್ಕು ಅಂಗುಲದ ಮೂರು ತೊಲೆಗಳನ್ನು ಕೊಂಡೆವು. ಎರಡು ನಂದಿ, ಒಂದು ಮತ್ತಿ. ಒಂದೊಂದನ್ನು ನಾಲ್ಕಾಗಿ ಸೀಳಿಸಿದಾಗ ಹನ್ನೆರಡರಲ್ಲಿ ಎರಡು ಬಿರುಕಿನಿಂದ ಕೆಟ್ಟು, ಹತ್ತು ಒಳ್ಳೆಯ ಜಂತೆಗಳು ಕೈಗೆ ಬಂದವು.

ಹಲಗೆಯ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ನಮ್ಮ ಭದ್ರಾವತಿಯ ಸುತ್ತಲೇ ಇತ್ತು. ಆದರೆ ಅದರ ಹೆಸರು ಹೇಳಿದರೆ ಮೂಗು ಮುರಿಯುವವರೇ ಹೆಚ್ಚು. ಅದು ಅಕೇಶಿಯಾ.

ಇಲ್ಲಿ ಇತಿಹಾಸದ ವಿದ್ಯಾರ್ಥಿನಿಯ ಎರಡು ಮಾತನ್ನು ವಾಚಕರು ಸಹಿಸಬೇಕು. ಭದ್ರಾವತಿ, ಹಿಂದಿನ ಬೆಂಕಿಪುರ, ಮರವನ್ನೇ ಉಂಡು ಬೆಳೆದ ಊರು. ೧೯೨೩ರ ಜನವರಿಯಲ್ಲಿ ಇಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದಿರು ಕರಗಿಸಿದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲಿನ ಕಾಡಿನ ಸೌದೆಯ ಇದ್ದಿಲಿನಿಂದ. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನಿಂದ ಮರ. ಮರವನ್ನು ಮುಚ್ಚಿ ಸುಟ್ಟು ಇದ್ದಿಲಿನ ಜೊತೆಗೆ ಮದ್ಯಸಾರ, ಟಾರು ಮುಂತಾದುವನ್ನು ಬಟ್ಟಿಯಿಳಿಸುವ ಘಟಕವೂ ಇತ್ತು. ಮುಂದೆ ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಅದಕ್ಕೆ ಮೊದಲು ಬಿದಿರು, ಆಮೇಲೆ ನೀಲಗಿರಿ, ಅಕೇಶಿಯಾ. ಕಾರ್ಖಾನೆಗೆಂದು ಅರಣ್ಯ ಭೂಮಿಯನ್ನು ಗುತ್ತಿಗೆಗೆ ಕೊಟ್ಟು ಸಾವಿರಾರು ಎಕರೆಯಲ್ಲಿ ಈ ಮರಗಳನ್ನು ಬೆಳೆಸಿದರು. ೨೦೧೫ರಲ್ಲಿ ಕಾಗದದ ಉತ್ಪಾದನೆ ನಿಂತಿತು. ಮರ ಮಾತ್ರ ನಿಂತೇ ಇದೆ. ೨೦೨೦ರಲ್ಲಿ ಗುತ್ತಿಗೆಯ ಅವಧಿ ಮುಗಿದು ಅದನ್ನು ಮುಂದುವರಿಸಹೊರಟಾಗ ಮಲೆನಾಡಿನಲ್ಲಿ ದೊಡ್ಡ ವಿರೋಧವೆದ್ದಿತು. ವಿರೋಧಿಸಿದವರ ಮಾತಿನಲ್ಲಿ ಸತ್ಯವಿದೆ. ಅಕೇಶಿಯಾ ತೋಪಿನಡಿ ದನ ಮೇಯುವ ಹುಲ್ಲಿಲ್ಲ, ಹಣ್ಣಿಲ್ಲ, ಹಕ್ಕಿಗಳ ಗದ್ದಲವೂ ಕಡಮೆ. ಉದುರಿದ ಎಲೆ ಬೇಗ ಗೊಬ್ಬರವಾಗದು. ಎಲೆಯೆಂದು ನಾವು ಕರೆಯುವುದು ನಿಜಕ್ಕೂ ಎಲೆಯಲ್ಲ, ಎಲೆಯ ತೊಟ್ಟೇ ಅಗಲವಾಗಿ ಎಲೆಯ ಕೆಲಸ ಮಾಡುತ್ತಿರುವುದು. ಆಸ್ಟ್ರೇಲಿಯಾದ ಒಣ ನಾಡಿನಲ್ಲಿ ಕಲಿತ ವಿದ್ಯೆ. ಕಾಡು ಕಡಿದು ಅದನ್ನು ನೆಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ರೈತರ ಬೇಲಿಯಲ್ಲಿ, ಬೆಟ್ಟದಲ್ಲಿ ಈಗಾಗಲೇ ಬಲಿತು ನಿಂತ ಮರ ಸೌದೆಯಾಗಿ ಒಂದು ದಿನದಲ್ಲಿ ಬೂದಿಯಾಗುವುದಕ್ಕಿಂತ ಹಲಗೆಯಾಗಿ ಕೆಲವು ವರ್ಷ ಬಾಳುವುದರಲ್ಲಿ ತಪ್ಪೇನು? ನೆಟ್ಟವರ ತಪ್ಪಿಗೆ ಮರವನ್ನು ಬೈಯುವುದು ಸರಿಯಲ್ಲ.

ಬಲಿತ ಅಕೇಶಿಯಾದ ಕೆಚ್ಚು ಕಂದುಬಣ್ಣದ್ದು, ಗಟ್ಟಿ. ಬಿಳಿಯ ಅಂಚು ತೆಗೆದರೆ ನೆಲಕ್ಕೆ ತಾಗದೆ, ಗಾಳಿಯಾಡುವಂತೆ ಇಟ್ಟಲ್ಲಿ ತಕ್ಕಷ್ಟು ತಾಳುತ್ತದೆ. ತೇಗದ ಎದುರು ನಿಲ್ಲುವಂಥದಲ್ಲ. ಬೆಲೆಯೂ ತೇಗದ ಹತ್ತಿರ ಸುಳಿಯುವಂಥದಲ್ಲ. ಇದರ ದೊಡ್ಡ ಕಷ್ಟ ಡೊಂಕು. ಹತ್ತು ಅಡಿ ನೆಟ್ಟಗಿರುವ ಹಲಗೆ ಸಿಕ್ಕುವುದು ಅಪರೂಪ. ನಾವು ಇದ್ದದ್ದಕ್ಕೆ ಹೊಂದಿಕೊಂಡೆವು. ಸಾಲೊಂದಕ್ಕೆ ಐದು ಅಡಿಯ ಎರಡು ಹಲಗೆಯಂತೆ ೪೪ ತುಂಡು. ಜಂತೆಗಳು ಹದಿನೈದು ಅಂಗುಲಕ್ಕೊಂದರಂತೆ ಇರುವುದರಿಂದ ಐದು ಅಡಿಗೆ ಸರಿಯಾಗಿ ನಡುವಿನ ಜಂತೆ ಬರುತ್ತದೆ, ಬೆಸುಗೆ ಅದರ ಮೇಲೆಯೇ ಬೀಳುತ್ತದೆ. ಎರಡು ಅಂಗುಲದ ಒಂದೇ ಜಂತೆಯ ಮೇಲೆ ಎರಡು ತುದಿಗಳನ್ನು ಕೂರಿಸಿದರೆ ಮೊಳೆ ಅಂಚಿಗೆ ಬಿದ್ದು ಹಲಗೆ ಸೀಳುತ್ತದೆ. ಹೆಚ್ಚಾಗಿ ಸಿಕ್ಕಿದ್ದ ಹತ್ತನೆಯ ಜಂತೆ ಇಲ್ಲಿ ನಡುವಿನದಕ್ಕೆ ಜೊತೆಯಾಯಿತು. ಒಣಗಿದಾಗ ಕುಗ್ಗುವುದೆಂದು ಹಲಗೆಗಳನ್ನು ನಾಲ್ಕೂಕಾಲು ಅಂಗುಲಕ್ಕೆ ಸೀಳಿಸಿದೆವು. ಆರೂವರೆ ಘನ ಅಡಿಯಾಯಿತು. ಭದ್ರಾವತಿಯ ಹತ್ತಿರದ ಒಂದು ಸಣ್ಣ ಸಾಮಿಲ್ಲಿನವರು, ರೈತರೊಬ್ಬರ ದಿಮ್ಮಿಗಳನ್ನು ಸೀಳುವ ದಿನವೇ ನಮ್ಮ ಅಳತೆಯನ್ನೂ ಸೇರಿಸಿ ಕೊಟ್ಟರು. ಸಣ್ಣ ಗಿರಾಕಿಗೆ ಇದೇ ಉಪಾಯ: ನಮ್ಮ ಅಳತೆಗೆ ಮಿಲ್ಲು ಓಡಬೇಕೆನ್ನದೆ, ಮಿಲ್ಲು ಓಡುವ ದಿನಕ್ಕೆ ನಾವು ಕಾದಿದ್ದು ಹೋಗುವುದು.

ಮರ ಮನೆಗೆ ತರುವಾಗ ಬಿಲ್ಲು ಕೈಯಲ್ಲಿರಬೇಕು. ಕರ್ನಾಟಕ ಅ​ರಣ್ಯ ಕಾಯಿದೆ ೧೯೬೩ರದು, ವೃಕ್ಷ ಸಂರಕ್ಷಣಾ ಕಾಯಿದೆ ೧೯೭೬ರದು. ಸ್ವಂತ ಜಮೀನಿನ ಮರವಾದರೂ ಕಡಿಯಲು ಸಾಮಾನ್ಯವಾಗಿ ಅಪ್ಪಣೆ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಯಂಥ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ೧೯೯೬ರ ಡಿಸೆಂಬರ್ ೧೨ರಂದು ಗೋದವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆಜ್ಞೆಯ ಪ್ರಕಾರ ಒಪ್ಪಿಗೆ ಪಡೆದ ಕಾರ್ಯಯೋಜನೆಯ ಹೊರಗೆ ಕಾಡಿನ ಮರ ಕಡಿಯುವಂತಿಲ್ಲ, ಕೇಂದ್ರದ ಅನುಮತಿಯಿಲ್ಲದೆ ಕಾಡಿನೊಳಗೆ ಸಾಮಿಲ್ಲು ನಡೆಸುವಂತಿಲ್ಲ. ಸಂಜೆಗತ್ತಲಲ್ಲಿ ‘ಅರ್ಧ ಬೆಲೆಗೆ ಹೊನ್ನೆ ಕೊಡಿಸುತ್ತೇನೆ’ ಎಂದು ಬರುವವರು ನಮ್ಮನ್ನೂ ಹುಡುಕಿಕೊಂಡು ಬಂದಿದ್ದರು. ತಂದೆಯವರ ಆಟೋ ಒಂದು ದಿನ ಹಿಡಿದು ನಿಲ್ಲಿಸಿದರೆ ಆ ದಿನದ ಒಲೆ ಉರಿಯುವುದಿಲ್ಲ. ಆಟೋವೇ ಜಪ್ತಿಯಾದರೆ ಮುಂದಿನ ಮಾತೇ ಬೇಡ. ಬಿಲ್ಲಿಲ್ಲದ ಮರ ಬಡವರಿಗೆ ಎಲ್ಲಕ್ಕಿಂತ ದುಬಾರಿ ಮರ.

ಹಸಿ ಹಲಗೆಯನ್ನು ತಂದ ದಿನವೇ ಹೊಡೆದರೆ ಅದು ಬಿಸಿಲಿಗೆ ಹಪ್ಪಳದಂತೆಯೇ ಸೊಟ್ಟಗಾಗುತ್ತದೆ. ಮರ ಉದ್ದದಲ್ಲಿ ಬಹುತೇಕ ಕುಗ್ಗುವುದಿಲ್ಲ. ಅಗಲದಲ್ಲಿ ಕುಗ್ಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ಆದ್ದರಿಂದಲೇ ತಿರುಚು. ಡಿಸೆಂಬರಿನಲ್ಲಿ ತಂದ ಹಲಗೆಗಳನ್ನು ನೆರಳಿನಲ್ಲಿ, ಸಾಲು ಸಾಲಿನ ನಡುವೆ ರೀಪಿನ ತುಂಡುಗಳನ್ನಿಟ್ಟು ಅಟ್ಟಿ, ಮೇಲೆ ಕಲ್ಲು ಹೇರಿದೆವು. ಒಂದು ಹಲಗೆಗೆ ಗುರುತು ಹಾಕಿ, ಪ್ರತಿ ಭಾನುವಾರ ತಾಯಿಯವರ ತೂಗುಕಾಟಾದಲ್ಲಿ ತೂಗಿ ಗೋಡೆಯ ಮೇಲೆ ಬರೆದೆ. ಮೊದಲ ವಾರ ೩.೯ ಕಿಲೋ, ಸಂಕ್ರಾಂತಿಯ ಹೊತ್ತಿಗೆ ೩.೩, ಶಿವರಾತ್ರಿ ಕಳೆದ ಮೇಲೆ ೨.೮, ಆಮೇಲೆ ಮೂರು ವಾರ ೨.೮ರಲ್ಲಿಯೇ ನಿಂತಿತು. ತೂಕ ಇಳಿಯುವುದು ನಿಂತರೆ ಮರ ಊರಿನ ಗಾಳಿಗೆ ಹೊಂದಿಕೊಂಡಿತೆಂದು ಅರ್ಥ. ಮರದಲ್ಲಿನ ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಮಳೆಯಲ್ಲಿ ನೆನೆಯುವುದು ದೋಷವಲ್ಲ, ನೆನೆದದ್ದು ಒಣಗದಿರುವುದು ದೋಷ. ಕೆಳಗಿನ ಗಾಳಿ, ನಡುವಿನ ಸಂದು ಇವುಗಳ ಬೆಲೆ ಇರುವುದು ಇಲ್ಲಿಯೇ. “ಹಪ್ಪಳಾನೂ ಹಿಂಗೇ ಅಲ್ಲೇನೇ? ಬೆನ್ನಿಗೆ ಗಾಳಿ ತಾಗದಿದ್ರೆ ಬೂಸ್ಟು” ಎಂದರು ತಾಯಿಯವರು. ಅವರು ನಾಲ್ಕನೆಯ ತರಗತಿ ಓದಿದವರು.

ಕಟ್ಟಿದ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ತಾರಸಿಗೆ ಒಂದು ಮೊಳೆಯನ್ನೂ ಹೊಡೆಯಕೂಡದು. ಹೊಡೆದಲ್ಲಿ ನೀರು ಇಳಿಯುತ್ತದೆ. ಕಡಪಾ ಕಲ್ಲಿನ ಚೂರುಗಳ ಮೇಲೆ ಹಳೆಯ ಟೈರಿನ ರಬ್ಬರು, ಅದರ ಮೇಲೆ ಜಂತೆ. ನೀರು ಹರಿದು ಹೋಗುವ ದಿಕ್ಕಿಗೇ ಜಂತೆಯ ಉದ್ದ, ಇಲ್ಲದಿದ್ದರೆ ಜಂತೆಯೇ ಒಡ್ಡಾಗುತ್ತದೆ. ತುಕ್ಕು ಹಿಡಿಯದ ಸ್ಕ್ರೂ ದುಬಾರಿಯಾದರೂ ಅದನ್ನೇ ಬಳಸಿದೆವು. ಮೊದಲು ತೂತು ಕೊರೆದು ಆಮೇಲೆ ತಿರುಗಿಸಬೇಕು, ಮತ್ತಿಯಂಥ ಮರ ಸುಮ್ಮನೆ ಒಪ್ಪುವುದಿಲ್ಲ. ಅಂಚುಗಳನ್ನು ಉಜ್ಜುಗೊರಡಿನಿಂದ ಉರುಟು ಮಾಡಿದ್ದು ನಾನು.

ಎಣ್ಣೆಯ ವಿಷಯದಲ್ಲಿ ಎಚ್ಚರ ಬೇಕು. ಗೇರೆಣ್ಣೆ ಗೆದ್ದಲಿಗೆ ಒಳ್ಳೆಯ ಮದ್ದು, ದೋಣಿಗೂ ಬಳಿಯುವರು. ಆದರೆ ಹಸಿಯಾಗಿದ್ದಾಗ ಚರ್ಮ ಸುಟ್ಟು ಗುಳ್ಳೆಯೇಳುತ್ತದೆ. ಅದನ್ನು ಕೈಗೆ ರಬ್ಬರಿನ ಗವಸು ಹಾಕಿಕೊಂಡು ಜಂತೆಗಳಿಗೆ ಮಾತ್ರ ಹಚ್ಚಿದೆವು. ಗ್ಯಾರೇಜಿನ ಸುಟ್ಟ ಆಯಿಲ್ ಪುಕ್ಕಟೆ ಸಿಕ್ಕುತ್ತದೆಂದು ಹಪ್ಪಳ ಹರಡುವ ನೆಲಕ್ಕೆ ಬಳಿಯುವುದು ಸಲ್ಲದು. ಹಲಗೆಗಳಿಗೆ ಅಗಸೆ ಎಣ್ಣೆಯನ್ನು ಎರಡು ಕೈ ಕೊಟ್ಟೆವು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಅದನ್ನು ಬಿಡಿಸಿ ಒಣಹಾಕಬೇಕು, ಇಲ್ಲವೆ ನೀರಿನಲ್ಲಿ ಅದ್ದಿಡಬೇಕು.

ಒಟ್ಟು ಖರ್ಚು ೧೧,೬೪೦ ರೂಪಾಯಿ. ಯುಗಾದಿಯ ಮಾರನೆಯ ದಿನ ತಾಯಿಯವರು ಅದರ ಮೇಲೆ ಮೊದಲ ಸಲ ಉದ್ದಿನ ಹಪ್ಪಳ ಹರಡಿದರು. ಈಗ ಒಂದು ಮಳೆಗಾಲ ದಾಟಿದೆ. ೪೪ರಲ್ಲಿ ಎರಡು ಹಲಗೆಗಳು ಬೆನ್ನು ಬಾಗಿಸಿವೆ. ಒಂದರ ಅಂಚಿನಲ್ಲಿ ನಮ್ಮ ಕಣ್ಣು ತಪ್ಪಿಸಿ ಉಳಿದಿದ್ದ ಬಿಳಿಮರಕ್ಕೆ ಹುಳು ಬಿದ್ದು ಹಿಟ್ಟು ಉದುರುತ್ತಿತ್ತು, ಅದನ್ನು ಬದಲಾಯಿಸಿದೆವು. ಆಶ್ವೀಜದಲ್ಲಿ ನೆರಳಿನ ಮೂಲೆಯ ಹಲಗೆಗಳ ಮೇಲೂ ತೆಳುವಾಗಿ ಪಾಚಿ ಕಂಡಿತು. ತೆಂಗಿನ ನಾರಿನ ಬ್ರಷ್ಷಿನಿಂದ ಹಲಗೆಯ ಉದ್ದಕ್ಕೆ ತಿಕ್ಕಿದರೆ ಹೋಗುತ್ತದೆ. ವಾರಕ್ಕೊಮ್ಮೆ ಆ ಕೆಲಸ ತಮ್ಮನದು, ಮುಂದಿನ ಫಾಲ್ಗುಣದಲ್ಲಿ ಮತ್ತೊಂದು ಕೈ ಎಣ್ಣೆ ಹಚ್ಚುವುದು ನನ್ನದು.